ಮಿಸ್ ಯಾಕೆ ಮತ್ತೆ ಓದಬೇಕು?

ಮಕ್ಕಳೇ, ಮಕ್ಕಳ ತಾತ-ಅಜ್ಜಿಯರೇ,

ಡಾಕ್ಟರು ಮತ್ತೆ ಓದುತ್ತಾರೆ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ಎಂ.ಬಿ.ಬಿ.ಎಸ್. ಆದವರು ಎಂ.ಡಿ. ಮಾಡುತ್ತಾರೆ, ಬೋರ್ಡಿನ ಮೇಲೆ ದೊಡ್ಡದಾಗಿ ಬರೆಸಿಕೊಳ್ಳುತ್ತಾರೆ. ಬ್ಯಾಂಕಿನಲ್ಲಿದ್ದಾಗ ನಾವೂ ಸಿ.ಎ.ಐ.ಐ.ಬಿ. ಪರೀಕ್ಷೆಗೆ ಕಟ್ಟುತ್ತಿದ್ದೆವು. ಪಾಸಾದರೆ ಇನ್‌ಕ್ರಿಮೆಂಟ್ ಸಿಗುತ್ತಿತ್ತು, ಮನೆಯಲ್ಲಿ ಪಾಯಸ ಆಗುತ್ತಿತ್ತು. ಆದರೆ ಶಾಲೆಯ ಟೀಚರ್ ಒಬ್ಬರು ಮತ್ತೆ ಓದಲು ಸೇರಿದರೆ ಮಾತ್ರ ಎಲ್ಲರ ಬಾಯಲ್ಲೂ ಒಂದೇ ಮಾತು: "ಬಿ.ಎಡ್. ಆಗಿದೆಯಲ್ಲ, ಇನ್ನೇನಿದೆ ಓದೋದಕ್ಕೆ?"

ಈ ಮಾತನ್ನು ಈ ವರ್ಷ ಅತಿ ಹೆಚ್ಚು ಸಲ ಕೇಳಿಸಿಕೊಂಡವಳು ನನ್ನ ತಂಗಿಯ ಮಗಳು. ತುಮಕೂರು ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ 14 ವರ್ಷದಿಂದ ವಿಜ್ಞಾನ ಮತ್ತು ಗಣಿತ ಹೇಳಿಕೊಡುತ್ತಿದ್ದಾಳೆ. ಮಕ್ಕಳು ಅವಳನ್ನು 'ಮಿಸ್' ಅನ್ನುತ್ತಾರೆ, ನಾನೂ ಈ ಬರಹದಲ್ಲಿ ಹಾಗೆಯೇ ಕರೆಯುತ್ತೇನೆ. ಅವಳು ಕೆಲಸ ಮಾಡಿಕೊಂಡೇ ದೂರ ಶಿಕ್ಷಣದಲ್ಲಿ ಶಿಕ್ಷಣ ವಿಷಯದ ಎಂ.ಎ.ಗೆ ಸೇರಿದ್ದಾಳೆ. ಅವಳಿಗೆ ಬಹಳ ಹಿಡಿಸಿದ ಭಾಗಗಳು ಎರಡು. ಒಂದು 'ಶಿಕ್ಷಣದ ತತ್ತ್ವಶಾಸ್ತ್ರ', ಇನ್ನೊಂದು 'ವಿಮರ್ಶಾತ್ಮಕ ಚಿಂತನೆ'. ಹೆಸರು ಕೇಳಿದರೆ ಗಾಬರಿಯಾಗುತ್ತದೆ, ನಿಜ. ಬಿ.ಕಾಂ. ಓದಿ, ಲೆಡ್ಜರ್ ಬರೆದು ರಿಟೈರಾದ ನನಗೆ ತತ್ತ್ವಶಾಸ್ತ್ರ ಎಂದರೆ ಗಡ್ಡ ಬಿಟ್ಟವರ ವಿಷಯ ಅನ್ನಿಸುತ್ತಿತ್ತು. ಆದರೆ ಪ್ರತಿ ಭಾನುವಾರ ಅವಳು ಫೋನು ಮಾಡಿ ಓದಿದ್ದನ್ನೆಲ್ಲ ನನಗೆ ಒಪ್ಪಿಸುತ್ತಾಳೆ. ನನಗೆ ಅರ್ಥವಾದರೆ ಯಾರಿಗೆ ಬೇಕಾದರೂ ಅರ್ಥವಾಗುತ್ತದೆ ಎಂಬುದು ಅವಳ ಲೆಕ್ಕ. ಹಾಗೆ ನನ್ನ ಕಿವಿಗೆ ಬಿದ್ದದ್ದನ್ನು ಈ ವಾರ ನಿಮಗೆ ದಾಟಿಸುತ್ತಿದ್ದೇನೆ.

ಮೊದಲು, ಬಿ.ಎಡ್.ಗೂ ಇದಕ್ಕೂ ಏನು ವ್ಯತ್ಯಾಸ? ನಾನೂ ಅದನ್ನೇ ಕೇಳಿದೆ. ಅವಳು ಹೇಳಿದಳು: "ಮಾವ, ಬಿ.ಎಡ್.ನಲ್ಲೂ ತತ್ತ್ವಶಾಸ್ತ್ರ ಇತ್ತು, ಪರೀಕ್ಷೆಗೆ ಐದು ಅಂಕದ ಟಿಪ್ಪಣಿ ಬರೆದು ಮರೆತೆವು. ಅಲ್ಲಿ ಹೆಚ್ಚು ಕಲಿತದ್ದು ಹೇಗೆ ಪಾಠ ಮಾಡಬೇಕು ಅನ್ನೋದನ್ನ. ಪಾಠ ಯೋಜನೆ ಹೇಗೆ ಬರೆಯೋದು, ಚಾರ್ಟ್ ಹೇಗೆ ಮಾಡೋದು, ಕಪ್ಪು ಹಲಗೆ ಹೇಗೆ ಬಳಸೋದು. ಹದಿನಾಲ್ಕು ವರ್ಷ ಪಾಠ ಮಾಡಿದ ಮೇಲೆ ಈಗ ಬೇರೆ ಪ್ರಶ್ನೆ ಬರ್ತಿದೆ. ಯಾಕೆ ಪಾಠ ಮಾಡ್ತಿದ್ದೀನಿ? ಈ ಮಗು ನನ್ನ ಹತ್ತಿರ ಕಲಿತು ಏನಾಗಬೇಕು?"

'ಹೇಗೆ' ಎಂಬ ಪ್ರಶ್ನೆಗೆ ಉತ್ತರ ತರಬೇತಿಯಲ್ಲಿ ಸಿಗುತ್ತದೆ. 'ಯಾಕೆ' ಎಂದು ಕೇಳಿಕೊಳ್ಳುವುದೇ ತತ್ತ್ವಶಾಸ್ತ್ರವಂತೆ. ಇಷ್ಟು ಗೊತ್ತಾದ ಮೇಲೆ ನನ್ನ ಅರ್ಧ ಗಾಬರಿ ಇಳಿಯಿತು.

ಸೂಲಗಿತ್ತಿಯ ಮಗ

ಅವಳು ಮೊದಲು ಹೇಳಿದ್ದು ಸಾಕ್ರಟೀಸನ ಕಥೆ. ಎರಡು ಸಾವಿರದ ನಾನೂರು ವರ್ಷಗಳ ಹಿಂದೆ ಗ್ರೀಸ್ ದೇಶದ ಅಥೆನ್ಸ್ ನಗರದಲ್ಲಿದ್ದವನು. ಒಂದು ಪುಸ್ತಕವನ್ನೂ ಬರೆದವನಲ್ಲ. ಅವನ ತಾಯಿ ಸೂಲಗಿತ್ತಿ. ತಾನೂ ಅದೇ ಕೆಲಸ ಮಾಡುವವನು ಎಂದು ಅವನು ಹೇಳಿಕೊಳ್ಳುತ್ತಿದ್ದನಂತೆ. ಸೂಲಗಿತ್ತಿ ಮಗುವನ್ನು ಹೊರಗಿನಿಂದ ತಂದು ಕೊಡುವುದಿಲ್ಲ. ಒಳಗಿರುವ ಮಗು ಹೊರಗೆ ಬರಲು ಸಹಾಯ ಮಾಡುತ್ತಾಳೆ. ಗುರುವಿನ ಕೆಲಸವೂ ಅಷ್ಟೇ ಎಂಬುದು ಅವನ ನಂಬಿಕೆ. ಅವನ ಶಿಷ್ಯ ಪ್ಲೇಟೋ ಬರೆದ ಒಂದು ಸಂಭಾಷಣೆಯಲ್ಲಿ ಇದಕ್ಕೊಂದು ಒಳ್ಳೆಯ ಉದಾಹರಣೆ ಬರುತ್ತದೆ. ಮಕ್ಕಳೇ, ಚೌಕುಳಿ ಹಾಳೆಯ ಗಣಿತದ ನೋಟ್‌ಬುಕ್ ತೆಗೆದುಕೊಳ್ಳಿ. ತಾತ-ಅಜ್ಜಿಯರೂ ಕನ್ನಡಕ ಹಾಕಿಕೊಳ್ಳಲಿ.

ಒಬ್ಬ ಶ್ರೀಮಂತನ ಮನೆಯಲ್ಲಿ ಗುಲಾಮನಾಗಿದ್ದ ಹುಡುಗ. ಶಾಲೆಯ ಮುಖ ಕಂಡವನಲ್ಲ. ಸಾಕ್ರಟೀಸ್ ನೆಲದ ಮೇಲೆ ಒಂದು ಚೌಕ ಬರೆದ. ಒಂದೊಂದು ಬದಿಯೂ ಎರಡು ಅಡಿ. ಹಾಗಾದರೆ ಅದರ ವಿಸ್ತೀರ್ಣ ನಾಲ್ಕು ಚದರ ಅಡಿ. ನೀವು ನೋಟ್‌ಬುಕ್ಕಿನಲ್ಲಿ ಎರಡು ಮನೆ ಅಗಲ, ಎರಡು ಮನೆ ಉದ್ದದ ಚೌಕ ಬರೆಯಿರಿ. ಒಳಗೆ ನಾಲ್ಕು ಮನೆ ಬರುತ್ತವೆ. ಈಗ ಪ್ರಶ್ನೆ: ಇದರ ಎರಡರಷ್ಟು, ಅಂದರೆ ಎಂಟು ಮನೆ ವಿಸ್ತೀರ್ಣದ ಚೌಕ ಬರೆಯಬೇಕು. ಬದಿ ಎಷ್ಟಿರಬೇಕು?

ಹುಡುಗ ಥಟ್ಟನೆ ಹೇಳಿದ: ಬದಿಯನ್ನೂ ಎರಡರಷ್ಟು ಮಾಡಿದರಾಯಿತು. ನಮ್ಮಲ್ಲೂ ಹೆಚ್ಚಿನವರು ಹಾಗೆಯೇ ಹೇಳುತ್ತಾರೆ. ಸಾಕ್ರಟೀಸ್ 'ತಪ್ಪು' ಅನ್ನಲಿಲ್ಲ, ಬೈಯಲಿಲ್ಲ. ಬರೆದು ನೋಡೋಣ ಎಂದ. ನೀವೂ ಬರೆಯಿರಿ. ನಾಲ್ಕು ಮನೆ ಉದ್ದ, ನಾಲ್ಕು ಮನೆ ಅಗಲ. ಎಣಿಸಿ. ಹದಿನಾರು! ಬೇಕಿದ್ದದ್ದು ಎಂಟು. ಹುಡುಗ ಯೋಚಿಸಿ ಹೇಳಿದ: ಹಾಗಾದರೆ ಬದಿ ಮೂರು ಇರಲಿ. ಬರೆದು ನೋಡಿದರೆ ಒಂಬತ್ತು. ಅದೂ ಅಲ್ಲ. ಆಗ ಹುಡುಗ ನನಗೆ ಗೊತ್ತಿಲ್ಲ ಎಂದು ಒಪ್ಪಿಕೊಂಡ.

ಸಾಕ್ರಟೀಸನಿಗೆ ಸಂತೋಷವಾದದ್ದು ಇಲ್ಲಿ. ಮೊದಲು ಹುಡುಗನಿಗೆ ಗೊತ್ತಿರಲಿಲ್ಲ, ಆದರೂ ಗೊತ್ತಿದೆ ಅಂದುಕೊಂಡಿದ್ದ. ಈಗಲೂ ಗೊತ್ತಿಲ್ಲ, ಆದರೆ ಗೊತ್ತಿಲ್ಲ ಎಂಬುದು ಗೊತ್ತಾಗಿದೆ. ಕಲಿಯುವ ಆಸೆ ಹುಟ್ಟುವುದು ಈ ಜಾಗದಲ್ಲಿ. ಆಮೇಲೆ ಹದಿನಾರು ಮನೆಯ ಆ ದೊಡ್ಡ ಚೌಕದೊಳಗೆ ಓರೆಯಾಗಿ ನಾಲ್ಕು ಗೆರೆ ಎಳೆಯುತ್ತಾರೆ. ದೊಡ್ಡ ಚೌಕದ ನಾಲ್ಕು ಬದಿಗಳ ನಡುಬಿಂದುಗಳನ್ನು ಒಂದಕ್ಕೊಂದು ಸೇರಿಸಿ ನೋಡಿ. ಒಳಗೆ ಓರೆಯಾದ ಒಂದು ಚೌಕ ಮೂಡುತ್ತದೆ. ಅದರ ವಿಸ್ತೀರ್ಣ ಸರಿಯಾಗಿ ಎಂಟು! ಅರ್ಧ ಮನೆಗಳನ್ನು ಜೋಡಿಸಿ ಎಣಿಸಿದರೆ ತಾಳೆಯಾಗುತ್ತದೆ. ಆ ಓರೆ ಗೆರೆ ಎಂದರೆ ಮೊದಲಿನ ಚಿಕ್ಕ ಚೌಕದ ಕರ್ಣ.

ಈ ಕಥೆ ಕೇಳಿ ನಾನು ತಲೆದೂಗಿದೆ. ಮಿಸ್ ಸುಮ್ಮನಿರಲಿಲ್ಲ. "ಆದರೆ ಮಾವ, ಓರೆ ಗೆರೆ ಎಳೆದು ತೋರಿಸಿದ್ದು ಸಾಕ್ರಟೀಸೇ ಅಲ್ವಾ? ಹಾಗಾದ್ರೆ ಹುಡುಗ ತಾನೇ ಕಂಡುಹಿಡಿದ ಅಂತ ಹೇಳಬಹುದಾ?" ಎಂದಳು. ಗುರುಗಳ ಗುರುವನ್ನೇ ಪರೀಕ್ಷೆಗೆ ಕೂರಿಸಿದಳಲ್ಲ! ವಿಮರ್ಶಾತ್ಮಕ ಚಿಂತನೆ ಎಂದರೆ ಇದೇ. ಅದು ದೊಡ್ಡವರನ್ನು ಹೀಯಾಳಿಸುವುದಲ್ಲ. ಅವರ ಮಾತನ್ನು ಗೌರವದಿಂದ ಕೇಳಿ, ಆಮೇಲೆ ತೂಗಿ ನೋಡುವುದು. ನಮ್ಮ ಅಜ್ಜಿಯಂದಿರು ಇದನ್ನೇ ಒಂದೇ ಗಾದೆಯಲ್ಲಿ ಹೇಳಿದ್ದಾರೆ: ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು.

ಈ ಅಭ್ಯಾಸಕ್ಕೆ ಸಾಕ್ರಟೀಸ್ ತೆತ್ತ ಬೆಲೆ ದೊಡ್ಡದು. ಯುವಕರನ್ನು ಕೆಡಿಸುತ್ತಾನೆ, ಊರಿನ ದೇವರುಗಳನ್ನು ಒಪ್ಪುವುದಿಲ್ಲ ಎಂದು ಅವನ ಮೇಲೆ ಆಪಾದನೆ ಬಂತು. ಕ್ರಿ.ಪೂ. 399ರಲ್ಲಿ, ಹೆಚ್ಚುಕಡಿಮೆ ನನ್ನ ವಯಸ್ಸಿನಲ್ಲಿ, ಅವನಿಗೆ ವಿಷ ಕುಡಿಯುವ ಶಿಕ್ಷೆಯಾಯಿತು.

ಬೆಟ್ಟದ ಮೇಲೆ ಹೊಗೆ

ಇದೆಲ್ಲ ಪರದೇಶದ ಸರಕು ಅಂದುಕೊಳ್ಳಬೇಡಿ. ನಮ್ಮ ದೇಶದಲ್ಲಿ ಇದಕ್ಕೆಂದೇ ಒಂದು ಶಾಸ್ತ್ರವಿತ್ತು: ನ್ಯಾಯ ದರ್ಶನ. ಗೌತಮನ ನ್ಯಾಯಸೂತ್ರ ಅದರ ಮೂಲ. ಒಂದು ಮಾತನ್ನು ಇನ್ನೊಬ್ಬರಿಗೆ ಒಪ್ಪಿಸಬೇಕಾದರೆ ಐದು ಮೆಟ್ಟಿಲು ಹತ್ತಬೇಕು ಎನ್ನುತ್ತದೆ ಅದು.

ಬೆಟ್ಟದ ಮೇಲೆ ಬೆಂಕಿ ಇದೆ. ಇದು ಪ್ರತಿಜ್ಞೆ.
ಯಾಕೆಂದರೆ ಅಲ್ಲಿ ಹೊಗೆ ಇದೆ. ಇದು ಹೇತು.
ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ, ಅಡುಗೆಮನೆಯಲ್ಲಿ ನೋಡಿದ ಹಾಗೆ. ಇದು ಉದಾಹರಣೆ.
ಈ ಬೆಟ್ಟದ ಮೇಲೂ ಅಂಥದೇ ಹೊಗೆ ಇದೆ. ಇದು ಉಪನಯ.
ಆದ್ದರಿಂದ ಬೆಟ್ಟದ ಮೇಲೆ ಬೆಂಕಿ ಇದೆ. ಇದು ನಿಗಮನ.

ಈಗ ತಮಾಷೆ ಮಾಡಿ. ಮೂರನೆಯ ಮೆಟ್ಟಿಲನ್ನು ತಿರುಗಿಸಿ ಹೇಳಿ: ಎಲ್ಲೆಲ್ಲಿ ಬೆಂಕಿಯೋ ಅಲ್ಲಲ್ಲಿ ಹೊಗೆ. ಸರಿಯೇ? ಅಲ್ಲ. ಕಮ್ಮಾರನ ಕುಲುಮೆಯಿಂದ ಈಗಷ್ಟೇ ತೆಗೆದ ಕೆಂಪಗೆ ಕಾದ ಕಬ್ಬಿಣದ ಗುಂಡನ್ನು ನೆನಪಿಸಿಕೊಳ್ಳಿ. ಅದರಲ್ಲಿ ಬೆಂಕಿ ಇದೆ, ಹೊಗೆ ಇಲ್ಲ. ನಮ್ಮ ತರ್ಕಶಾಸ್ತ್ರದ ಪುಸ್ತಕಗಳಲ್ಲೇ ಈ ಕಬ್ಬಿಣದ ಗುಂಡಿನ ಉದಾಹರಣೆ ಇದೆ. ಇನ್ನೊಂದು ಎಚ್ಚರಿಕೆಯೂ ಇದೆ. ಹೊಗೆ ಅಂದುಕೊಂಡದ್ದು ಬರೀ ಮಂಜಾಗಿದ್ದರೆ? ಚಳಿಗಾಲದ ಬೆಳಿಗ್ಗೆ ದೇವರಾಯನದುರ್ಗದ ಕಡೆ ನೋಡಿದರೆ ಬೆಟ್ಟಕ್ಕೆ ಬೆಂಕಿ ಬಿದ್ದಂತೆ ಕಾಣುತ್ತದೆ. ಮಂಜನ್ನು ಕಂಡು ಅಗ್ನಿಶಾಮಕ ದಳಕ್ಕೆ ಫೋನು ಮಾಡಿದರೆ ಬೈಸಿಕೊಳ್ಳಬೇಕಾಗುತ್ತದೆ. ಕಾರಣದಂತೆ ಕಂಡು ಕಾರಣವಲ್ಲದ್ದಕ್ಕೆ 'ಹೇತ್ವಾಭಾಸ' ಎಂದು ಹೆಸರು.

ಇದೇ 'ತಿರುಗಿಸಿ ನೋಡುವ' ಆಟದಿಂದ ಅಮೆರಿಕದಲ್ಲಿ ಒಂದು ಮಕ್ಕಳ ಕಥೆಪುಸ್ತಕ ಹುಟ್ಟಿದೆ. ಮ್ಯಾಥ್ಯೂ ಲಿಪ್‌ಮನ್ ಎಂಬ ತತ್ತ್ವಶಾಸ್ತ್ರದ ಪ್ರಾಧ್ಯಾಪಕರು ಮಕ್ಕಳಿಗೆ ಚಿಕ್ಕಂದಿನಲ್ಲೇ ಯೋಚಿಸಲು ಕಲಿಸಬೇಕೆಂದು ಹೊರಟು, ಪಠ್ಯದ ಬದಲು ಕಥೆ ಬರೆದರು. ಅದರ ನಾಯಕ ಹ್ಯಾರಿ ಎಂಬ ಶಾಲಾ ಹುಡುಗ. ತರಗತಿಯಲ್ಲಿ ಕನಸು ಕಾಣುತ್ತ ಕೂತಿರುವಾಗ ಮೇಷ್ಟ್ರು ಪ್ರಶ್ನೆ ಕೇಳುತ್ತಾರೆ: ಉದ್ದ ಬಾಲವಿರುವ, ಸೂರ್ಯನನ್ನು ಸುತ್ತುವ ವಸ್ತು ಯಾವುದು? ಗ್ರಹಗಳೆಲ್ಲ ಸೂರ್ಯನನ್ನು ಸುತ್ತುತ್ತವೆ ಎಂದು ನೆನಪಾಗಿ ಹ್ಯಾರಿ 'ಗ್ರಹ' ಅಂದುಬಿಡುತ್ತಾನೆ. ಎಲ್ಲರೂ ನಗುತ್ತಾರೆ, ಉತ್ತರ ಧೂಮಕೇತು. ಗ್ರಹಗಳೆಲ್ಲ ಸೂರ್ಯನನ್ನು ಸುತ್ತುತ್ತವೆ, ಆದರೆ ಸೂರ್ಯನನ್ನು ಸುತ್ತುವುದೆಲ್ಲ ಗ್ರಹವಲ್ಲ. ಅವಮಾನವಾಗಿ ಅಳುತ್ತ ಕೂರದೆ ಆ ಹುಡುಗ ಇದರಲ್ಲೊಂದು ನಿಯಮವಿದೆಯೇ ಎಂದು ಹುಡುಕುತ್ತಾನೆ. ಲಿಪ್‌ಮನ್ 1974ರಲ್ಲಿ ನ್ಯೂಜೆರ್ಸಿಯಲ್ಲಿ ಮಕ್ಕಳ ತತ್ತ್ವಶಾಸ್ತ್ರಕ್ಕಾಗಿಯೇ ಒಂದು ಸಂಸ್ಥೆ ಕಟ್ಟಿದರು. ಕಾಗೆಗಳೆಲ್ಲ ಕಪ್ಪು ಎಂದ ಮಾತ್ರಕ್ಕೆ ಕಪ್ಪಗಿರುವುದೆಲ್ಲ ಕಾಗೆಯೇ? ಊಟದ ಹೊತ್ತಿಗೆ ಮನೆಯಲ್ಲಿ ಈ ಆಟ ಆಡಿ ನೋಡಿ, ಟಿ.ವಿ. ಬೇಕೆನಿಸುವುದಿಲ್ಲ.

ನ್ಯಾಯಶಾಸ್ತ್ರದಿಂದ ಇನ್ನೂ ಒಂದು ಮಾತು, ಇದು ತಾತ-ಅಜ್ಜಿಯರಿಗೆ. ಮೊಮ್ಮಕ್ಕಳು ಎದುರು ಪ್ರಶ್ನೆ ಹಾಕಿದರೆ ನಾವು "ಸಾಕು ಮಾಡು ನಿನ್ನ ವಿತಂಡವಾದ" ಅನ್ನುತ್ತೇವಲ್ಲ, ಆ ಪದ ಬಂದದ್ದು ಇಲ್ಲಿಂದಲೇ. ಮಾತಿನಲ್ಲಿ ಮೂರು ಬಗೆ ಇವೆಯಂತೆ. ಸತ್ಯ ತಿಳಿಯಬೇಕೆಂದು ಆಡುವುದು ವಾದ. ಹೇಗಾದರೂ ಗೆಲ್ಲಬೇಕೆಂದು ಆಡುವುದು ಜಲ್ಪ. ತನ್ನದೆನ್ನುವ ನಿಲುವೇ ಇಲ್ಲದೆ ಎದುರಿನವರ ಮಾತನ್ನು ಮುರಿಯುವುದಷ್ಟೇ ವಿತಂಡ. ಹಾಗಾಗಿ ಮಗು ತಿಳಿಯಬೇಕೆಂದು ಕೇಳಿದರೆ ಅದು ವಾದ, ಅದನ್ನು ವಿತಂಡ ಎಂದು ಬಾಯಿ ಮುಚ್ಚಿಸಬಾರದು. ಮಕ್ಕಳೇ, ನಿಮಗೂ ಅಷ್ಟೇ. ಹೋಂವರ್ಕ್ ತಪ್ಪಿಸಿಕೊಳ್ಳಲು "ಹೋಂವರ್ಕ್ ಅಂತ ಯಾಕಿರಬೇಕು?" ಎಂದು ಕೇಳಿದರೆ ಅದು ಸಾಕ್ರಟೀಸ್ ಆಗುವುದಲ್ಲ. ಅದು ಯಾವುದು ಎಂದು ನಿಮಗೇ ಗೊತ್ತು.

ಬ್ಯಾಂಕಿನ ಹೆಸರು ಬಂದಾಗ

ಒಂದು ಭಾನುವಾರ ಮಿಸ್ ಫೋನಿನಲ್ಲಿ ನಗುತ್ತಲೇ ಶುರು ಮಾಡಿದಳು. "ಮಾವ, ಇವತ್ತು ನಿಮ್ಮ ಬ್ಯಾಂಕಿಗೆ ಬೈದಿರೋರ ಪುಸ್ತಕ ಓದಿದೆ."

ಬೈದವರು ಬ್ರೆಜಿಲ್ ದೇಶದ ಪಾವ್ಲೊ ಫ್ರೇರಿ. 1921ರಲ್ಲಿ ಹುಟ್ಟಿ 1997ರಲ್ಲಿ ತೀರಿಕೊಂಡ ದೊಡ್ಡ ಶಿಕ್ಷಣ ಚಿಂತಕ. 1963ರಲ್ಲಿ ಬ್ರೆಜಿಲಿನ ಈಶಾನ್ಯ ಭಾಗದ ಒಂದು ಊರಿನಲ್ಲಿ ಅವರ ತಂಡ ಸುಮಾರು 300 ಜನ ಕೂಲಿಕಾರರಿಗೆ 45 ದಿನಗಳಲ್ಲಿ ಓದು-ಬರಹ ಕಲಿಸಿತು. ಆಗ ಅಲ್ಲಿ ಓದು ಬಾರದವರಿಗೆ ಮತ ಹಾಕುವ ಹಕ್ಕೂ ಇರಲಿಲ್ಲ. ಅವರು ಅಕ್ಷರಮಾಲೆಯಿಂದ ಪಾಠ ಶುರು ಮಾಡಲಿಲ್ಲ, ಜನರ ದಿನನಿತ್ಯದ ಪದಗಳಿಂದ ಶುರು ಮಾಡಿದರು. 'ಇಟ್ಟಿಗೆ' ಎಂಬ ಪದ ತೆಗೆದುಕೊಂಡು, ಇಟ್ಟಿಗೆ ಹೊರುವವರು ಯಾರು, ಅದರಿಂದ ಎದ್ದ ಮನೆಯಲ್ಲಿ ಇರುವವರು ಯಾರು ಎಂದು ಮಾತಾಡುತ್ತ ಆಡುತ್ತ ಅಕ್ಷರ ಕಲಿತರು. ಮರುವರ್ಷ ಅಲ್ಲಿ ಸೈನ್ಯದ ಆಡಳಿತ ಬಂತು. ಫ್ರೇರಿ ಜೈಲು ಸೇರಿದರು, ಆಮೇಲೆ ಸುಮಾರು 15 ವರ್ಷ ದೇಶದ ಹೊರಗೇ ಇರಬೇಕಾಯಿತು.

ಅವರು ಹೇಳುವುದು ಹೀಗೆ: ನಮ್ಮ ಶಾಲೆಗಳು ಬ್ಯಾಂಕಿನ ಹಾಗೆ ನಡೆಯುತ್ತಿವೆ. ಮೇಷ್ಟ್ರು ಠೇವಣಿ ಇಡುವವರು, ಮಕ್ಕಳು ಬರೀ ಖಾತೆಗಳು. ವರ್ಷವಿಡೀ ತುಂಬುವುದು, ಪರೀಕ್ಷೆಯ ದಿನ ಅದನ್ನೇ ವಾಪಸು ಪಡೆಯುವುದು. ಖಾತೆಗೆ ಪ್ರಶ್ನೆ ಕೇಳುವ ಹಕ್ಕಿಲ್ಲ.

ಫ್ರೇರಿ ದೊಡ್ಡವರು, ಆದರೂ ಬ್ಯಾಂಕಿನ ಅನ್ನ ಉಂಡವನು ನಾನು, ಸುಮ್ಮನಿರಲಾಗಲಿಲ್ಲ. "ನೋಡಮ್ಮ, ಅವರು ಬ್ಯಾಂಕಿನ ಕೌಂಟರ್ ಮಾತ್ರ ನೋಡಿದ್ದಾರೆ, ಒಳಗೆ ಬಂದಿಲ್ಲ," ಎಂದೆ. ಬ್ಯಾಂಕಿಗೆ ಬಂದ ಠೇವಣಿ ಪೆಟ್ಟಿಗೆಯಲ್ಲಿ ಮಲಗಿರುವುದಿಲ್ಲ. ಅದರ ಬಹುಪಾಲು ಸಾಲವಾಗಿ ಹೊರಗೆ ಹೋಗುತ್ತದೆ. ಒಬ್ಬರ ಹೊಲಕ್ಕೆ ಬೋರ್‌ವೆಲ್ ಆಗುತ್ತದೆ, ಇನ್ನೊಬ್ಬರಿಗೆ ಹೊಲಿಗೆ ಯಂತ್ರವಾಗುತ್ತದೆ. ದುಡಿದು ಬಡ್ಡಿ ತರುತ್ತದೆ. ಖಾತೆದಾರ ಎರಡು ವರ್ಷ ಮುಟ್ಟದೆ ಬಿಟ್ಟ ಖಾತೆಯನ್ನು ನಾವು ನಿಷ್ಕ್ರಿಯ ಖಾತೆ ಎಂದು ಬೇರೆ ಇಡುತ್ತೇವೆ. ಹತ್ತು ವರ್ಷ ಹಾಗೆಯೇ ಬಿದ್ದಿದ್ದರೆ ಆ ಹಣ ರಿಸರ್ವ್ ಬ್ಯಾಂಕಿನ ಒಂದು ನಿಧಿಗೆ ಹೋಗುತ್ತದೆ, ಆಮೇಲೂ ವಾರಸುದಾರರು ಬಂದು ಕೇಳಿದರೆ ಕೊಡುತ್ತಾರೆ. 2014ರಲ್ಲಿ ಶುರುವಾದ ಆ ನಿಧಿಯ ಹೆಸರೇನು ಗೊತ್ತೇ? ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿ! ಯಾರೂ ಮುಟ್ಟದ ಠೇವಣಿ ಕೊನೆಗೆ ಶಿಕ್ಷಣಕ್ಕೇ ಹೋಗುತ್ತದೆ.

ಮಿಸ್ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಹಾಗಾದ್ರೆ ಮಾವ, ನನ್ನ ಕ್ಲಾಸಲ್ಲಿ ಇರೋದು ಹೆಚ್ಚು ನಿಷ್ಕ್ರಿಯ ಖಾತೆಗಳೇ. ತುಂಬ್ತಾನೇ ಇದ್ದೀನಿ. ಯಾರೂ ಅದನ್ನ ತೆಗೆದು ಬಳಸ್ತಿಲ್ಲ."

ಸೂರ್ಯ ಹುಟ್ಟುವ ಜಾಗ

ಅವಳು ಓದಿದ್ದನ್ನು ತರಗತಿಗೆ ತರಲು ಹೊರಟಾಗಲೇ ನಿಜವಾದ ಕಷ್ಟ ಶುರುವಾದದ್ದು. ಏಳನೇ ತರಗತಿಯ ಒಬ್ಬ ಹುಡುಗಿ ಕೇಳಿದಳಂತೆ: "ಮಿಸ್, ನಮ್ಮನೆ ಬಾಗಿಲು ಪೂರ್ವಕ್ಕೇ ಇದೆ ಅಂತಾರೆ ತಾತ. ಆದ್ರೆ ಸೂರ್ಯ ಎದುರಿಗೆ ಹುಟ್ಟಲ್ಲ, ಪಕ್ಕದ ತೆಂಗಿನ ಮರದ ಹತ್ತಿರ ಹುಟ್ತಾನೆ. ಯಾಕೆ?"

ಹಿಂದಿನ ವರ್ಷವಾಗಿದ್ದರೆ "ಪುಸ್ತಕದಲ್ಲಿ ಇರೋದನ್ನ ಬರಿ" ಎಂದು ಮುಂದೆ ಹೋಗುತ್ತಿದ್ದೆ ಎಂದಳು ಮಿಸ್. ಈ ಸಲ ಹಾಗೆ ಮಾಡಲಿಲ್ಲ. ಮಕ್ಕಳಿಗೆಲ್ಲ ಒಂದು ಕೆಲಸ ಕೊಟ್ಟಳು. ಪ್ರತಿ ಭಾನುವಾರ ಬೆಳಿಗ್ಗೆ ಮನೆಯ ಹತ್ತಿರ ಒಂದೇ ಜಾಗದಲ್ಲಿ ನಿಂತು ಸೂರ್ಯ ಎಲ್ಲಿ ಮೇಲೆ ಬರುತ್ತಾನೆ ಎಂದು ಗುರುತು ಹಾಕಿಕೊಳ್ಳಬೇಕು. ಯಾವ ಮರ, ಯಾವ ಮನೆಯ ಮೂಲೆ ಎಂದು ಚಿತ್ರ ಬರೆಯಬೇಕು. ಸೂರ್ಯನನ್ನು ದಿಟ್ಟಿಸಬಾರದು, ಜಾಗ ನೋಡಿ ಕಣ್ಣು ತಿರುಗಿಸಬೇಕು. ಜೂನ್ ಕೊನೆಯಿಂದ ಶುರು ಮಾಡಿ ವಾರ ವಾರ ಬರೆದದ್ದನ್ನು ಜೋಡಿಸಿದರೆ ಸೂರ್ಯ ಹುಟ್ಟುವ ಜಾಗ ಬಲಕ್ಕೆ, ಅಂದರೆ ದಕ್ಷಿಣಕ್ಕೆ ಸರಿಯುತ್ತ ಹೋಗಿದೆ. ಸರಿಯಾಗಿ ಪೂರ್ವದಲ್ಲಿ ಹುಟ್ಟುವುದು ವರ್ಷದಲ್ಲಿ ಎರಡೇ ದಿನ, ಮಾರ್ಚ್ 21 ಮತ್ತು ಸೆಪ್ಟೆಂಬರ್ 23ರ ಆಸುಪಾಸಿನಲ್ಲಿ. ಡಿಸೆಂಬರ್ 22ರ ಹೊತ್ತಿಗೆ ದಕ್ಷಿಣದ ತುದಿ ಮುಟ್ಟಿ ಮತ್ತೆ ಉತ್ತರಕ್ಕೆ ತಿರುಗುತ್ತಾನೆ.

ಆ ಹುಡುಗಿಯ ತಾತ ಮೊಮ್ಮಗಳ ಚಿತ್ರ ನೋಡಿ, "ಇದೇ ಕಣೇ ದಕ್ಷಿಣಾಯನ" ಎಂದರಂತೆ. ಪಂಚಾಂಗದಲ್ಲಿ ಅವರು ಓದುತ್ತಿದ್ದ ಪದ ಹುಡುಗಿಯ ನೋಟ್‌ಬುಕ್ಕಿನಲ್ಲಿ ಚಿತ್ರವಾಗಿ ಕೂತಿತ್ತು. ಇದನ್ನು ಹೇಳುವಾಗ ಮಿಸ್ಸಿನ ದನಿ ಹಿಗ್ಗಿತ್ತು.

ಆದರೆ ಹಿಗ್ಗಿನ ಜೊತೆಗೇ ಬಂತು ದೂರು. ಪ್ರಶ್ನೆ, ಚರ್ಚೆ ಎಂದು ಸಮಯ ಹೋಗಿ ಎರಡು ಪಾಠ ಹಿಂದೆ ಬಿದ್ದವು. ಒಬ್ಬ ತಂದೆ ಶಾಲೆಗೆ ಬಂದು ಕೇಳಿದರು: "ಮಿಸ್, ನೀವು ಪ್ರಶ್ನೆ ಕೇಳೋದು ಕಲಿಸ್ತಿದ್ದೀರ, ಸರಿ. ಉತ್ತರ ಬರೆಯೋದು ಯಾವಾಗ ಕಲಿಸ್ತೀರ? ನಾನು ಗಾರೆ ಕೆಲಸದವನು. ನನ್ನ ಮಗನಿಗೆ ಮಾರ್ಕ್ಸ್ ಬಂದ್ರೇನೇ ಮುಂದೆ ದಾರಿ." ಹೆಡ್‌ಮಾಸ್ಟರೂ ಮೆತ್ತಗೆ, ಮೊದಲು ಸಿಲಬಸ್ ಮುಗಿಯಲಿ ಎಂದರು. ಆ ರಾತ್ರಿ ಅವಳು ಫೋನು ಮಾಡಿದಾಗ ನಗು ಇರಲಿಲ್ಲ. "ಆ ಅಪ್ಪ ಹೇಳಿದ್ದರಲ್ಲಿ ತಪ್ಪಿಲ್ಲ ಮಾವ. ನಾನು ಓದೋ ಆಸೆಗೆ ಆ ಹುಡುಗನ ಮಾರ್ಕ್ಸ್ ಪಣ ಇಡಬಹುದಾ? ಕೋರ್ಸ್ ಬಿಟ್ಟುಬಿಡ್ಲಾ?"

ನಾನು ಉಪದೇಶ ಮಾಡಲಿಲ್ಲ. ಕ್ಯಾಷ್ ಕೌಂಟರಿನ ಒಂದು ಮಾತು ಹೇಳಿದೆ. ಖೋಟಾ ನೋಟು ಹಿಡಿಯುವುದನ್ನು ನಮ್ಮ ಹಳೆಯ ಕ್ಯಾಷಿಯರುಗಳು ಹೇಗೆ ಕಲಿತರು? ಖೋಟಾ ನೋಟುಗಳನ್ನು ನೋಡಿ ಅಲ್ಲ. ಲಕ್ಷಾಂತರ ಅಸಲಿ ನೋಟು ಎಣಿಸಿ ಎಣಿಸಿ ಬೆರಳಿಗೆ ಅದರ ಪರಿಚಯವಾಗಿತ್ತು. ಒಂದು ಕಳ್ಳ ನೋಟು ಬಂದ ತಕ್ಷಣ ಬೆರಳು ನಿಲ್ಲುತ್ತಿತ್ತು. ಅಸಲಿ ಗೊತ್ತಿಲ್ಲದವನಿಗೆ ನಕಲಿಯ ಅನುಮಾನವೇ ಹುಟ್ಟುವುದಿಲ್ಲ. ಮಗ್ಗಿ ಬಾರದವನು ಬಿಲ್ಲಿನ ತಪ್ಪು ಹೇಗೆ ಹಿಡಿದಾನು?

ಮಿಸ್ ಹೇಳಿದಳು, ಇದೇ ಮಾತಿನ ಮೇಲೆ ವಿದ್ವಾಂಸರು ದೊಡ್ಡ ಚರ್ಚೆ ಮಾಡಿದ್ದಾರಂತೆ. ಯೋಚಿಸುವುದನ್ನು ಈಜು ಕಲಿಸಿದ ಹಾಗೆ ಬೇರೆಯಾಗಿ ಕಲಿಸಬಹುದು ಎಂದು ಕೆಲವರು. ಜಾನ್ ಮೆಕ್‌ಪೆಕ್ ಎಂಬುವರು 1981ರ ತಮ್ಮ ಪುಸ್ತಕದಲ್ಲಿ, ಯೋಚನೆ ಎಂದರೆ ಯಾವುದಾದರೂ ಒಂದರ ಬಗ್ಗೆಯೇ ಯೋಚನೆ, ಆ ವಿಷಯ ಗೊತ್ತಿಲ್ಲದೆ ಬರೀ ಯೋಚಿಸಲಾಗದು ಎಂದು ವಾದಿಸಿದರು. ಹಾಗಾದರೆ ಪಾಠಕ್ಕೂ ಪ್ರಶ್ನೆಗೂ ಜಗಳವಿಲ್ಲ. ಪಾಠ ಅಸಲಿ ನೋಟು, ಪ್ರಶ್ನೆ ಅದನ್ನು ಮುಟ್ಟಿ ನೋಡುವ ಬೆರಳು.

ಅವಳು ಕೋರ್ಸ್ ಬಿಡಲಿಲ್ಲ. ದಾರಿ ಸ್ವಲ್ಪ ಬದಲಿಸಿದಳು. ದಿನಾ ಚರ್ಚೆ ಇಲ್ಲ, ವಾರಕ್ಕೆ ಒಂದೇ ಪ್ರಶ್ನೆ, ಶನಿವಾರ ಅದಕ್ಕೆ ಇಪ್ಪತ್ತು ನಿಮಿಷ. ಉಳಿದ ದಿನ ಪಾಠ, ಅಭ್ಯಾಸ, ಮಗ್ಗಿ. ಗಾರೆ ಕೆಲಸದ ಆ ತಂದೆಯನ್ನೇ ಒಂದು ಶನಿವಾರ ಶಾಲೆಗೆ ಕರೆದಳು. ಗೋಡೆ ನೆಟ್ಟಗಿದೆ ಎಂದು ಹೇಗೆ ಗೊತ್ತಾಗುತ್ತದೆ ಎಂಬುದು ಆ ವಾರದ ಪ್ರಶ್ನೆ. ಅವರು ತೂಕದ ಗುಂಡು ಕಟ್ಟಿದ ದಾರ ತಂದು ತೋರಿಸಿದರು. "ಕಣ್ಣು ನಂಬಬಾರದು, ಗುಂಡು ಬಿಟ್ಟು ನೋಡಬೇಕು," ಎಂದರಂತೆ. ವಿಮರ್ಶಾತ್ಮಕ ಚಿಂತನೆಯ ಇಡೀ ಪುಸ್ತಕ ಅಷ್ಟರಲ್ಲಿ ಬಂತು ಎಂದು ಮಿಸ್ ಹೇಳಿದಳು. ಎರಡು ಪಾಠಗಳ ಬಾಕಿ ಮಾತ್ರ ಪೂರ್ತಿ ತೀರಿಲ್ಲ, ಒಂದು ಇನ್ನೂ ಉಳಿದಿದೆ. ಮಾರ್ಚ್ ಪರೀಕ್ಷೆಯಲ್ಲಿ ಆ ಹುಡುಗನಿಗೆ ಎಷ್ಟು ಬರುತ್ತದೋ ಎಂಬ ಚಿಂತೆ ಅವಳಿಗೆ ಇದ್ದೇ ಇದೆ.

ಇದು ಬರೀ ಶಾಲೆಯ ಮಾತಲ್ಲ

ಈ ವಯಸ್ಸಿನಲ್ಲಿ ನಮಗೇಕೆ ಇದೆಲ್ಲ ಎಂದು ಕೆಲವು ತಾತಂದಿರು ಪುಟ ತಿರುವುತ್ತಿರಬಹುದು. ಸ್ವಲ್ಪ ನಿಲ್ಲಿ. ಇದು ನಿಮ್ಮ ಪಾಸ್‌ಬುಕ್ಕಿನ ವಿಷಯ.

ನನ್ನ ಜೊತೆ ಬೆಳಿಗ್ಗೆ ವಾಕಿಂಗ್ ಬರುವವರೊಬ್ಬರಿದ್ದಾರೆ. ಓದಿದವರು, ಒಳ್ಳೆಯ ಹುದ್ದೆಯಲ್ಲಿದ್ದು ನಿವೃತ್ತರಾದವರು. ಅವರಿಗೆ ಒಂದು ವಿಡಿಯೋ ಕಾಲ್ ಬಂತು. ಆ ಕಡೆ ಯೂನಿಫಾರಂ ಹಾಕಿದವನು, ಹಿಂದೆ ಪೊಲೀಸ್ ಠಾಣೆಯಂಥ ಗೋಡೆ. ನಿಮ್ಮ ಹೆಸರಿನ ಪಾರ್ಸೆಲ್ಲಿನಲ್ಲಿ ಮಾದಕ ವಸ್ತು ಸಿಕ್ಕಿದೆ, ನೀವು 'ಡಿಜಿಟಲ್ ಅರೆಸ್ಟ್' ಆಗಿದ್ದೀರಿ, ಮೊಬೈಲ್ ಮುಂದಿನಿಂದ ಏಳುವಂತಿಲ್ಲ, ಮನೆಯವರಿಗೂ ಹೇಳುವಂತಿಲ್ಲ ಎಂದ. ಇವರು ಎರಡು ದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತರು. ಹೇಳಿದ ಖಾತೆಗೆ ಒಂದು ಕಂತು ಹಣ ಕಳಿಸಿದರು. ಎರಡನೆಯ ಕಂತಿಗೆ ಎಫ್.ಡಿ. ಮುರಿಸಲು ಬ್ಯಾಂಕಿಗೆ ಹೋದರು. ಕೌಂಟರಿನ ಹುಡುಗಿ ಮೂರೇ ಪ್ರಶ್ನೆ ಕೇಳಿದಳು: "ಸರ್, ಈ ಹಣ ಯಾರಿಗೆ? ಅವರನ್ನ ನೀವು ನೋಡಿದ್ದೀರಾ? ಇವತ್ತೇ ಯಾಕೆ ಕಳಿಸಬೇಕು?" ಮೂರನೆಯ ಪ್ರಶ್ನೆಗೆ ಇವರ ಕೈ ನಡುಗಿತು. ಎಫ್.ಡಿ. ಉಳಿಯಿತು. ಮೊದಲು ಹೋದದ್ದು ಇನ್ನೂ ಬಂದಿಲ್ಲ.

ನಮ್ಮ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಎಂಬುದೇ ಇಲ್ಲ. 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಯವರೇ ರೇಡಿಯೋ ಭಾಷಣದಲ್ಲಿ ಈ ಬಗ್ಗೆ ಎಚ್ಚರಿಸಿದರು. ಇಂಥ ಕರೆ ಬಂದರೆ ಕತ್ತರಿಸಿ, ಮನೆಯವರಿಗೆ ಹೇಳಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನು ಮಾಡಿ, ಎಷ್ಟು ಬೇಗವೋ ಅಷ್ಟು ಒಳ್ಳೆಯದು.

ಇವರು ದಡ್ಡರಲ್ಲ. ನನಗೆ ಅನ್ನಿಸುವುದು ಇಷ್ಟು. ನಮ್ಮ ತಲೆಮಾರಿನವರಿಗೆ ಚಿಕ್ಕಂದಿನಿಂದ ಕಲಿಸಿದ್ದು ಒಂದೇ: ಯೂನಿಫಾರಂ ಹಾಕಿದವರು, ಜೋರಾಗಿ ಮಾತಾಡುವವರು, ಮೇಜಿನ ಆ ಕಡೆ ಕೂತವರು ಹೇಳಿದ್ದಕ್ಕೆ ಎದುರು ಪ್ರಶ್ನೆ ಕೇಳಬಾರದು. ಅರವತ್ತು ವರ್ಷ ಅದು ವಿನಯ ಅನ್ನಿಸಿಕೊಂಡಿತು. ಎಪ್ಪತ್ತರಲ್ಲಿ ಕಳ್ಳನೊಬ್ಬ ಅದನ್ನೇ ಕೀಲಿಕೈ ಮಾಡಿಕೊಂಡ. ಮಿಸ್ ತನ್ನ ಏಳನೇ ತರಗತಿಯಲ್ಲಿ ಕಲಿಸಲು ಒದ್ದಾಡುತ್ತಿರುವುದು ಆ ಬ್ಯಾಂಕಿನ ಹುಡುಗಿಯ ಮೂರು ಪ್ರಶ್ನೆಗಳನ್ನೇ.

ವಾಟ್ಸಾಪ್ ಮಾತೂ ಹೀಗೆಯೇ. ನ್ಯಾಯಶಾಸ್ತ್ರ 'ಆಪ್ತರ' ಮಾತನ್ನು ಪ್ರಮಾಣ ಎಂದು ಒಪ್ಪುತ್ತದೆ. ಆದರೆ ಅಲ್ಲಿ ಆಪ್ತ ಎಂದರೆ ನಮಗೆ ಬೇಕಾದವರು ಎಂದಲ್ಲ. ವಿಷಯವನ್ನು ಸ್ವತಃ ಬಲ್ಲವರು, ಬಲ್ಲದ್ದನ್ನು ಇದ್ದ ಹಾಗೆ ಹೇಳುವವರು. ನಮ್ಮ ಭಾವಮೈದುನ ಎಷ್ಟೇ ಆಪ್ತನಾದರೂ ಅವನು ಕಳಿಸಿದ ಸಕ್ಕರೆ ಕಾಯಿಲೆಯ ಮದ್ದಿನ ಮೆಸೇಜು ಆಪ್ತವಾಕ್ಯವಲ್ಲ.

ನಮ್ಮ ಸಂವಿಧಾನವೂ ಇದನ್ನು ಮರೆತಿಲ್ಲ. 1976ರಲ್ಲಿ ಸೇರಿದ ಮೂಲಭೂತ ಕರ್ತವ್ಯಗಳಲ್ಲಿ ವೈಜ್ಞಾನಿಕ ಮನೋಭಾವ ಮತ್ತು ಪ್ರಶ್ನಿಸುವ ಗುಣ ಬೆಳೆಸಿಕೊಳ್ಳುವುದೂ ಒಂದು. ಬೆಂಗಳೂರಿನ ನ್ಯಾಷನಲ್ ಕಾಲೇಜಿನ ಡಾ. ಎಚ್. ನರಸಿಂಹಯ್ಯನವರನ್ನು ನಮ್ಮ ವಯಸ್ಸಿನವರು ಬಲ್ಲರು. ಭೌತಶಾಸ್ತ್ರದ ಮೇಷ್ಟ್ರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರೂ ಹಾಸ್ಟೆಲಿನ ಕೋಣೆಯಲ್ಲೇ ಬಾಳಿದವರು. 1962ರಲ್ಲಿ ಅವರು ಶುರು ಮಾಡಿದ ಬೆಂಗಳೂರು ಸೈನ್ಸ್ ಫೋರಂನಲ್ಲಿ ಶಾಲಾ ಮಕ್ಕಳಿಂದ ಹಿಡಿದು ಪಿಂಚಣಿದಾರರವರೆಗೆ ಯಾರು ಬೇಕಾದರೂ ಬಂದು ಕೂತು ಕೇಳಬಹುದಿತ್ತು. ಪ್ರಶ್ನೆಗೆ ವಯಸ್ಸಿನ ಮಿತಿ ಇಲ್ಲ.

ಈ ವಾರದ ಕೆಲಸ

ಮಕ್ಕಳಿಗೆ: ಎಂಟು ಮನೆಯ ಚೌಕವನ್ನು ತಾತನಿಗೋ ಅಜ್ಜಿಗೋ ಕೊಡಿ. ಅವರು ತಪ್ಪು ಹೇಳಿದರೆ ನಗಬೇಡಿ, "ಬರೆದು ನೋಡೋಣ" ಅನ್ನಿ. ಭಾನುವಾರ ಬೆಳಿಗ್ಗೆ ಸೂರ್ಯ ಹುಟ್ಟುವ ಜಾಗ ಗುರುತು ಮಾಡಲು ಶುರು ಮಾಡಿ.

ತಾತ-ಅಜ್ಜಿಯರಿಗೆ: ಮೊಮ್ಮಗು 'ಯಾಕೆ' ಎಂದಾಗ ಉತ್ತರ ಗೊತ್ತಿದ್ದರೂ ತಕ್ಷಣ ಹೇಳಬೇಡಿ. "ನಿನಗೇನು ಅನ್ನಿಸುತ್ತೆ?" ಎಂದು ಒಂದು ಸಲ ಕೇಳಿ. ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ, ಹುಡುಕೋಣ" ಅನ್ನಿ. ಇದರಿಂದ ನಮ್ಮ ಗೌರವಕ್ಕೆ ಕುಂದಿಲ್ಲ.

ಇಬ್ಬರೂ ಸೇರಿ: ಈ ವಾರ ಮೊಬೈಲಿಗೆ ಬಂದ ಒಂದು ಮೆಸೇಜು ತೆಗೆದುಕೊಳ್ಳಿ. ಹೇಳಿದವರು ಯಾರು? ಅವರಿಗೆ ಹೇಗೆ ಗೊತ್ತು? ಹೊಗೆಯೋ, ಮಂಜೋ? ಮೂರಕ್ಕೂ ಉತ್ತರ ಸಿಗುವವರೆಗೆ ಮುಂದಕ್ಕೆ ಕಳಿಸಬೇಡಿ.

ನಿಮ್ಮ ಶಾಲೆಯಲ್ಲೂ ಮತ್ತೆ ಓದುತ್ತಿರುವ ಮಿಸ್ಸೋ ಮೇಷ್ಟ್ರೋ ಇದ್ದರೆ, ಪರೀಕ್ಷೆ ಯಾವಾಗ ಎಂದು ಒಮ್ಮೆ ಅವರನ್ನೂ ಕೇಳಿ. ಆ ವಾರ ಅವರಿಗೆ ಸ್ವಲ್ಪ ಕಡಿಮೆ ಗಲಾಟೆ ಮಾಡಿ. 'ಆಲ್ ದಿ ಬೆಸ್ಟ್ ಮಿಸ್' ಎಂದು ಹೇಳಲು ಮರೆಯಬೇಡಿ.

ಮುಂದಿನ ವಾರ ಸಿಗೋಣ.